ಹುರುಳಿ ಹರಡಿದ ರಸ್ತೆ

ನಾನು ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಪರೀಕ್ಷೆಯ ಕೊಠಡಿಯಲ್ಲಿ ಯಾರು ಕಾಪಿ ಹೊಡೆಯುತ್ತಿದ್ದಾರೆ ಎಂಬುದನ್ನು ಅವರ ಬೆನ್ನು ನೋಡಿಯೇ ಹೇಳಬಲ್ಲೆ. ಉತ್ತರ ಗೊತ್ತಿದ್ದವರ ಬೆನ್ನು ಬಾಗಿರುತ್ತದೆ, ಕಾಪಿ ಹೊಡೆಯುವವರದು ನೆಟ್ಟಗಿರುತ್ತದೆ. ಈ ವಿದ್ಯೆಯನ್ನು ಶಾಲೆಯ ಗೇಟಿನಲ್ಲೇ ಬಿಟ್ಟು ಬರುವುದು ಮಾತ್ರ ನನಗೆ ಬರಲಿಲ್ಲ. ತರಕಾರಿಯವನ ತಕ್ಕಡಿ, ಪಕ್ಕದ ಮನೆಯಾಕೆಯ ವಿಪರೀತ ನಗು, ಗಂಡ ಫೋನಿನಲ್ಲಿ ಇದ್ದಕ್ಕಿದ್ದಂತೆ ತಗ್ಗಿಸುವ ದನಿ, ಎಲ್ಲದರ ಮೇಲೂ ನನಗೊಂದು ಅನುಮಾನ. “ನೀನು ದೇವಸ್ಥಾನದ ತೀರ್ಥನೂ ಮೂಸಿ ನೋಡಿ ಕುಡಿಯೋಳು ಕಣೇ” ಎಂದು ನನ್ನ ಗಂಡ ಹಂಗಿಸುತ್ತಾರೆ. ಪೂರ್ತಿ ಸುಳ್ಳೇನಲ್ಲ ಅದು.

ಅನುಮಾನವಿಲ್ಲದೆ ನಾನು ಕೂರುತ್ತಿದ್ದ ಜಾಗ ಒಂದೇ, ನನ್ನ ಹಳೆಯ ಬೂದು ಬಣ್ಣದ ಕಾರು. ತುಮಕೂರಿನ ಸದಾಶಿವನಗರದ ನಮ್ಮ ಮನೆಯಿಂದ ಗುಬ್ಬಿಯ ಶಾಲೆಗೆ, ರಜೆ ಬಂದರೆ ಕುಣಿಗಲ್ಲಿನ ತವರಿಗೆ, ವರ್ಷಗಟ್ಟಲೆ ಅದರಲ್ಲೇ ಓಡಾಡಿದ್ದೆ. ಎಡಗಡೆ ಸೀಟು ಮಗಳದು. ಈಗ ಡಿಗ್ರಿ ಓದುತ್ತಿರುವ ಅವಳು ಮನೆಯಲ್ಲಿ ಬಾಯಿ ಬಿಡುವ ಪೈಕಿಯಲ್ಲ. ಏನು ಕೇಳಿದರೂ “ಏನಿಲ್ಲಮ್ಮ” ಅಷ್ಟೆ. ಆ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಊರು ದಾಟಿದರೆ ಸಾಕು, ಮಾತು ತಾನಾಗಿ ಶುರುವಾಗುತ್ತಿತ್ತು. ಮೊದಲ ಸಲ ಫೇಲಾದದ್ದು, ಯಾರೋ ಹುಡುಗ ಹಿಂದೆ ಬಿದ್ದದ್ದು, ಸೈನ್ಸ್ ಬೇಡವೆಂದು ತೀರ್ಮಾನಿಸಿದ್ದು, ಎಲ್ಲವನ್ನೂ ನಾನು ಕೇಳಿದ್ದು ಆ ಸೀಟಿನಿಂದಲೇ. ಮಾತು ಮುಗಿದ ಮೇಲೆ ಅವಳು ನಿದ್ದೆ ಹೋಗುತ್ತಿದ್ದಳು. ಮನೆ ಬರುವವರೆಗೆ ನಾನು ರೇಡಿಯೊ ಸಣ್ಣಗೆ ಹಾಕಿಕೊಂಡು ಓಡಿಸುತ್ತಿದ್ದೆ.

ಅಪಘಾತವಾದಾಗಲೂ ಅವಳು ನಿದ್ದೆಯಲ್ಲಿದ್ದಳು.

ಸಂಕ್ರಾಂತಿ ಮುಗಿಸಿಕೊಂಡು ಕುಣಿಗಲ್ಲಿನಿಂದ ಬೆಳಿಗ್ಗೆ ವಾಪಸಾಗುತ್ತಿದ್ದೆವು. ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಕೊಯ್ದ ರಾಗಿಯನ್ನೋ ಹುರುಳಿಯನ್ನೋ ಗಿಡಸಮೇತ ರಸ್ತೆಗೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ, ಸಂಜೆ ಗುಡಿಸಿ ತುಂಬಿಕೊಂಡು ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯವರೂ ಹಾಗೆಯೇ ಮಾಡುತ್ತಿದ್ದರು. ರಸ್ತೆಯ ಬದಿಯಲ್ಲಿ ನಿಂತು ಬಸ್ಸುಗಳಿಗೆ ಕೈ ಬೀಸಿ ‘ಮೇಲೆ ಬನ್ನಿ, ಮೇಲೆ ಬನ್ನಿ’ ಎಂದು ಕರೆಯುವುದು ಮಕ್ಕಳ ಕೆಲಸ. ಮೇಲೆ ಹತ್ತಿಸಿದ ಡ್ರೈವರು ಒಳ್ಳೆಯವನು, ಪಕ್ಕಕ್ಕೆ ಸರಿದು ಹೋದವನಿಗೆ ಬೆನ್ನ ಹಿಂದೆ ಬೈಗುಳ. ಹಾಗಾಗಿ ಆವತ್ತು ರಸ್ತೆಯ ಅರ್ಧಕ್ಕೆ ಹುರುಳಿ ಹರಡಿದ್ದ ಹೆಂಗಸು ಕೈ ಬೀಸಿದಾಗ, ಇನ್ನರ್ಧ ಖಾಲಿಯಿದ್ದರೂ, ನಾನು ಖುಷಿಯಾಗಿ ಮೇಲೆ ಹತ್ತಿಸಿದೆ. ಬೇರೆ ಊರಿನವರಾಗಿದ್ದರೆ ಪಕ್ಕಕ್ಕೆ ಸರಿದು ಸುಖವಾಗಿ ಮನೆ ಸೇರುತ್ತಿದ್ದರು.

ಮಂಜು ಬಿದ್ದು ಹುರುಳಿಯ ಮೇಲ್ಪದರ ಒದ್ದೆಯಾಗಿತ್ತು. ಎದುರಿಗೆ ಒಂದು ಬೈಕು ಅಡ್ಡಾದಿಡ್ಡಿಯಾಗಿ ಬಂತು, ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಸೋಪು ತಿಕ್ಕಿದ ಬಚ್ಚಲಲ್ಲಿ ಕಾಲು ಜಾರಿದ ಹಾಗೆ ಜಾರುತ್ತ, ಎಡಕ್ಕೆ ತಿರುಗಿ, ಮಗಳು ಕೂತಿದ್ದ ಕಡೆಯಿಂದಲೇ ಹುಣಸೆಮರಕ್ಕೆ ಬಡಿಯಿತು. ಅವಳ ಕತ್ತಿನ ಕೆಳಗಿನ ಎಲುಬು ಮುರಿಯಿತು. ನನಗೆ ಒಂದು ಗೀರೂ ಇಲ್ಲ. ಅದೇ ನನಗೆ ಇಂದಿಗೂ ಸಹಿಸಲಾಗದ್ದು.

ಬೈಕಿನವನು ನಿಲ್ಲದೆ ಹೋಗಿಬಿಟ್ಟ. ಆ ಹೆಂಗಸು ಓಡಿ ಬಂದು ಸೆರಗು ನೆನೆಸಿ ಮಗಳ ಮುಖ ಒರೆಸಿದಳು. “ಏನಾಗಕಿಲ್ಲ ಬುಡವ್ವ, ಉಸಿರಾಡ್ತಾವ್ಳೆ” ಎಂದು ನನ್ನ ಬೆನ್ನು ಸವರಿದಳು. ಅಷ್ಟರಲ್ಲಿ ಅವಳ ಗಂಡ ಹುರುಳಿಯನ್ನು ಬಾಚಿ ಬಾಚಿ ರಸ್ತೆಯ ಕೆಳಗೆ ಹಾಕುತ್ತಿದ್ದ. ನಾಲ್ಕು ಜನ ಸೇರುವ ಹೊತ್ತಿಗೆ ರಸ್ತೆ ಮದುವೆ ಮನೆಯ ಅಂಗಳದಂತೆ ಸ್ವಚ್ಛ. ಹುರುಳಿ ಹಾಳಾಗದಿರಲಿ ಎಂದು ಬಾಚಿದನೋ, ಕೇಸಾದೀತೆಂದು ಬಾಚಿದನೋ ದೇವರಿಗೇ ಗೊತ್ತು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಗಂಡ ಬೈಕಿನಲ್ಲಿ ಹಾರಿ ಬಂದವರು ಮಗಳನ್ನು ನೋಡಿ, ಕಾರು ನೋಡಿ, ಕೊನೆಗೆ ರಸ್ತೆ ನೋಡಿ, “ಖಾಲಿ ರಸ್ತೆನಲ್ಲಿ ಹೆಂಗ್ ಸ್ಕಿಡ್ ಆಯ್ತು?” ಎಂದು ಕೇಳಿದರು.

ಆ ಪ್ರಶ್ನೆ ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಹುರುಳಿ ಇತ್ತು ಎಂದೆ. ಹೂಂ ಎಂದರು. ಆ ‘ಹೂಂ’ ನನಗೆ ಗೊತ್ತು, ಹೋಮ್‌ವರ್ಕ್ ಪುಸ್ತಕ ಮನೆಯಲ್ಲಿ ಮರೆತೆ ಎನ್ನುವ ಮಕ್ಕಳಿಗೆ ನಾನು ಹೇಳುವ ‘ಹೂಂ’ ಅದು. ಮಗಳನ್ನು ಕೇಳಿದರೆ, “ನಾನು ಮಲಗಿದ್ದೆ, ನೋಡ್ಲಿಲ್ಲಮ್ಮ” ಎಂದಳು. ಆಮೇಲೆ ಅವಳು ಅದರ ಬಗ್ಗೆ ಮಾತೇ ಆಡಲಿಲ್ಲ. ಒಂದು ಸಲವಾದರೂ ಬೈದಿದ್ದರೆ ನೆಮ್ಮದಿಯಾಗುತ್ತಿತ್ತು.

ಎಲುಬು ಕೂಡಿತು, ಕಾರೂ ರಿಪೇರಿಯಾಗಿ ಬಂತು. ಹುಷಾರಾಗದೆ ಉಳಿದವಳು ನಾನೊಬ್ಬಳೇ. ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಬರತೊಡಗಿದೆ. ಕಾರು ಹೊದಿಕೆ ಹೊದ್ದು ಮನೆಯ ಮುಂದೆ ಮಲಗಿತ್ತು. ಒಂದು ಭಾನುವಾರ ಗಂಡ ಯಾರನ್ನೋ ಕರೆತಂದು ಬಾನೆಟ್ ತೆಗೆಸಿ ಗುಸುಗುಸು ಮಾತಾಡುತ್ತಿದ್ದರು. ಯಾರದು ಎಂದರೆ, “ನಮ್ ಫ್ಯಾಕ್ಟರಿಯವ್ನು, ಬ್ಯಾಟರಿ ನೋಡಕ್ಕೆ ಬಂದವ್ನೆ” ಎಂದರು. ಬ್ಯಾಟರಿ ನೋಡಲು ಬಂದವನು ಸೀಟಿನ ಮೇಲೆ ಕೂತು ಸ್ಟಿಯರಿಂಗ್ ಯಾಕೆ ತಿರುಗಿಸಬೇಕು? ನನ್ನ ಕಾರು ಮಾರುವ ಹುನ್ನಾರವೆಂದು ತೀರ್ಮಾನಿಸಿದೆ. ಮಾರಿದರೆ ಎಡಗಡೆ ಸೀಟೂ ಹೋಯಿತು, ಮಗಳ ಮಾತೂ ಹೋಯಿತು. ಮಾರನೆಯ ದಿನವೇ ಹಠಕ್ಕೆ ಬಿದ್ದು ಕಾರು ತೆಗೆದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತಿಂಗಳುಗಟ್ಟಲೆ ನಿಂತ ಕಾರು ಹೀಗೆ ಸ್ಟಾರ್ಟ್ ಆಗಬೇಕಾದರೆ ಯಾರೋ ಬ್ಯಾಟರಿ ನೋಡಿಕೊಂಡಿರಬೇಕು ಎಂಬ ಸರಳ ಲೆಕ್ಕ ಆಗ ಹೊಳೆಯಲಿಲ್ಲ.

ನಮ್ಮ ಬೀದಿಯ ತುದಿಯವರೆಗೆ ಹೋದೆ. ಅಲ್ಲಿ ಯಾವುದೋ ಟ್ರ್ಯಾಕ್ಟರಿನಿಂದ ಒಂದು ಹಿಡಿ ಹುಲ್ಲು ಬಿದ್ದಿತ್ತು. ಹಸುವೂ ಮೂಸದಷ್ಟು ಹುಲ್ಲು. ನನ್ನ ಕಾಲು ಮರಗಟ್ಟಿತು, ಅಂಗೈ ಬೆವೆತು ಸ್ಟಿಯರಿಂಗ್ ಜಾರತೊಡಗಿತು, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಹಿಂದೆ ಆಟೊದವರು ಹಾರನ್ ಹೊಡೆದೇ ಹೊಡೆದರು. ನಾನು ಕಾರನ್ನು ನಡುರಸ್ತೆಯಲ್ಲಿ ಬಿಟ್ಟು, ಬಾಗಿಲೂ ಹಾಕದೆ, ಮನೆಗೆ ನಡೆದು ಬಂದುಬಿಟ್ಟೆ. ಕಾರು ತಂದು ನಿಲ್ಲಿಸಿದ ಗಂಡ ಒಂದು ಫೋನ್ ನಂಬರು ಕೊಟ್ಟರು. ಮನಸ್ಸಿನ ಡಾಕ್ಟರಲ್ಲ, ಕೌನ್ಸೆಲಿಂಗ್ ಮಾಡುವವರು, ಸುಮ್ಮನೆ ಒಂದು ಸಲ ಮಾತಾಡಿ ಬಾ ಎಂದರು. ಸುಮ್ಮನೆ ಎಂಬ ಪದ ಬಂದಲ್ಲೆಲ್ಲ ಏನೋ ಇದ್ದೇ ಇರುತ್ತದೆ ಎಂದುಕೊಂಡೇ ಹೋದೆ.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕುರ್ಚಿ, ಒಂದು ಗಡಿಯಾರ, ಗಿಡವಿಲ್ಲದ ಒಂದು ಕುಂಡ. ನನಗಿಂತ ಚಿಕ್ಕವಳಾದ ಹೆಣ್ಣುಮಗಳು. ಮೊದಲ ದಿನವೇ, “ಆ ಜಾಗ ನೆನಪು ಮಾಡ್ಕೊಂಡ್ರೆ ಭಯ ನೂರಕ್ಕೆ ಎಷ್ಟು ಮೇಡಂ?” ಎಂದಳು. ಭಯಕ್ಕೆ ಮಾರ್ಕ್ಸ್ ಹಾಕುವ ಶಾಸ್ತ್ರವನ್ನು ನಾನು ಕೇಳಿರಲಿಲ್ಲ. ಜಸ್ಟ್ ಪಾಸ್ ಆಗುವಷ್ಟು ಇರಲಿ ಎಂದು ಮೂವತ್ತೈದು ಹೇಳಿದೆ. ಅವಳು ನನ್ನ ಕೈ ಕಡೆ ನೋಡಿದಳು. ಕರ್ಚೀಫು ಹಿಂಡಿದರೆ ನೀರು ಬರುವಂತಿತ್ತು. ಮೂವತ್ತೈದು ಎಂದೇ ಬರೆದುಕೊಂಡಳು. ಗಂಡ ಮೊದಲೇ ಫೋನ್ ಮಾಡಿ ಎಲ್ಲವನ್ನೂ ಊದಿದ್ದಾರೆ ಎಂಬ ಅನುಮಾನ ಬಲವಾಯಿತು. ಕೇಳಿಯೂ ಬಿಟ್ಟೆ. “ಅಪಾಯಿಂಟ್‌ಮೆಂಟ್ ಕೇಳಿದ್ರು ಅಷ್ಟೆ. ಬೇರೆ ಏನಾದ್ರು ಹೇಳಿದ್ರೂ ನಾನು ನಿಮ್ಮಿಂದಾನೇ ಕೇಳ್ಬೇಕು” ಎಂದಳು. ಒಳ್ಳೆಯ ಉತ್ತರವೇ, ಆದರೆ ಪಾಠ ಮಾಡಿಕೊಂಡ ಉತ್ತರದ ಹಾಗಿತ್ತು.

ನಾನು ಅವಳಿಂದ ಯಾವುದಾದರೂ ದೊಡ್ಡ ವಿದ್ಯೆ ನಿರೀಕ್ಷಿಸಿದ್ದೆ. ಕಣ್ಣು ಮುಚ್ಚಿಸಿ ಏನಾದರೂ ಹೇಳುತ್ತಾಳೆ, ಮಾತ್ರೆ ಬರೆಸುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಟ್ಟ ಕೆಲಸ, ಪ್ರತಿದಿನ ನಿಂತ ಕಾರಿನಲ್ಲಿ ಸುಮ್ಮನೆ ಕೂತು ಬರುವುದು. ಭಯ ಬಂದರೆ ಇಳಿಯುವ ಹಾಗಿಲ್ಲ, ಅದು ತಾನಾಗಿ ಇಳಿಯುವವರೆಗೆ ಕೂರಬೇಕು. ಹಗಲು ಹೊತ್ತಿನಲ್ಲಿ ನಿಂತ ಕಾರಿನೊಳಗೆ ಕೂತು ಬೆವರುವ ಟೀಚರನ್ನು ನೋಡಲು ಪಕ್ಕದ ಮನೆಯಾಕೆಗೆ ಕಿಟಕಿಯಲ್ಲೇ ಕೆಲಸ ಹುಟ್ಟಿತು. ಆಮೇಲೆ ಎಂಜಿನ್ ಹಾಕಿಕೊಂಡು ಕೂರುವುದು, ಆಮೇಲೆ ಬೀದಿಯ ಒಂದು ಸುತ್ತು. ಗಂಡ ಸ್ಟಿಯರಿಂಗಿಗೆ ಕಟ್ಟಿದ್ದ ನಿಂಬೆಹಣ್ಣು ಇರಲಿ ಎಂದಳು. ಆದರೆ ಹತ್ತು ಅಡಿಗೊಮ್ಮೆ ಹಾರನ್ ಹೊಡೆಯುವುದು, ಪ್ರತಿ ತಿರುವಿನಲ್ಲಿ ಕನ್ನಡಿಯನ್ನು ಮೂರು ಮೂರು ಸಲ ನೋಡುವುದು, ರಸ್ತೆಯಲ್ಲಿ ಕಸ ಕಂಡರೆ ಇಳಿದು ಹೋಗಿ ಕಾಲಿನಿಂದ ಒರೆಸಿ ನೋಡುವುದು, ಇವನ್ನೆಲ್ಲ ಒಂದೊಂದಾಗಿ ಬಿಡಬೇಕು ಎಂದಳು.

“ನೋಡ್ದೆ ಹೋಗಿ ಜಾರಿದ್ರೆ?” ಎಂದೆ.

“ಜಾರಬಹುದು. ಜಾರಲ್ಲ ಅಂತ ನಾನು ಬರ್ಕೊಡಕ್ಕಾಗಲ್ಲ. ನೀವು ನೂರಕ್ಕೆ ನೂರು ಖಾತ್ರಿ ಕೇಳ್ತಿದೀರಾ ಮೇಡಂ, ಅದು ಯಾರಿಗೂ ಸಿಗಲ್ಲ. ನಿಧಾನಕ್ಕೆ ಹೋಗೋದು ಬೇರೆ, ಖಾತ್ರಿ ಹುಡುಕೋದು ಬೇರೆ.”

ಇಷ್ಟೆಲ್ಲ ಹೇಳುವವಳು ತಾನು ಹೇಗೆ ಓಡಿಸುತ್ತಾಳೆ ಎಂದು ನೋಡಬೇಕೆನಿಸಿತು. ಒಂದು ದಿನ ಬೇಗ ಹೋಗಿ ಔಷಧಿ ಅಂಗಡಿಯ ಪಕ್ಕ ಮರೆಯಲ್ಲಿ ನಿಂತೆ. ಅವಳು ಬಂದದ್ದು ಸ್ಕೂಟಿಯಲ್ಲಿ. ಮೇಲೆ ಹೋದವಳೇ ನೇರವಾಗಿ ಕೇಳಿದೆ, “ನಿಮಗೆ ಕಾರ್ ಬರುತ್ತಾ?”

“ಇಲ್ಲ” ಎಂದಳು, ನಾಚಿಕೆಯೇ ಇಲ್ಲದೆ. ನನಗೆ ಮೈ ಉರಿದುಹೋಯಿತು. ಈಜು ಬಾರದವಳು ನನ್ನನ್ನು ಬಾವಿಗೆ ಇಳಿಸುತ್ತಿದ್ದಾಳಲ್ಲ ಎಂದು ಚೀಲ ಎತ್ತಿಕೊಂಡೆ. ಅವಳು ತಡೆಯಲಿಲ್ಲ. “ಕಾರ್ ನಿಮಗೆ ಬರುತ್ತೆ ಮೇಡಂ. ಅದನ್ನ ನಾನು ಕಲಿಸ್ತಿಲ್ಲ. ಈ ಭಾನುವಾರ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾಗೆ ಹೋಗಣ, ನಾನು ಪಕ್ಕದಲ್ಲಿ ಕೂತ್ಕೊತೀನಿ” ಎಂದಳು.

ಹೋಗಬಾರದೆಂದು ನಿರ್ಧರಿಸಿದ್ದೆ. ಅವಳು ಎಷ್ಟು ಹೆದರುತ್ತಾಳೆ ನೋಡೋಣ ಎಂಬ ದುರ್ಬುದ್ಧಿಯಿಂದಲೇ ಹೋದೆ. ಭಾನುವಾರ ಸತ್ಯಮಂಗಲದ ಕಾರ್ಖಾನೆಗಳಿಗೆಲ್ಲ ಬೀಗ. ಅಗಲವಾದ ರಸ್ತೆಗಳಲ್ಲಿ ನಾಯಿಗಳು ಮಲಗಿದ್ದವು. ಮರಗೆಲಸದ ಕಾರ್ಖಾನೆಯೊಂದರ ಮುಂದೆ ಮರದ ಹೊಟ್ಟು ಗಾಳಿಗೆ ರಸ್ತೆಯ ತುಂಬ ಹರಡಿತ್ತು. ಅದರ ಮೇಲೆ ಹೋಗಿ ಎಂದಳು. ಹೋದೆ. ತಿರುಗಿಸಿಕೊಂಡು ಮತ್ತೆ ಹೋಗಿ ಎಂದಳು. ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಕೊನೆಗೆ ನನಗೆ ಭಯ ಹೋಗಿ ಬೇಸರ ಬಂತು. ಅವಳತ್ತ ನೋಡಿದರೆ ಕಿಟಕಿಯ ಹೊರಗೆ ನೋಡುತ್ತ ಆಕಳಿಸುತ್ತಿದ್ದಳು. ಆ ಆಕಳಿಕೆ ನಿಜವೋ, ಅವರ ಕಾಲೇಜಿನಲ್ಲಿ ಕಲಿಸಿದ್ದೋ ಎಂದು ಮನೆಗೆ ಬಂದ ಮೇಲೂ ಯೋಚಿಸಿದೆ. ಯೋಚಿಸುತ್ತಿರುವಾಗ, ಕಾರನ್ನು ಮನೆಯವರೆಗೆ ನಾನೇ ಓಡಿಸಿಕೊಂಡು ಬಂದದ್ದು ನೆನಪಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಕಾರಿನಲ್ಲೇ ಗುಬ್ಬಿಗೆ ಹೋಗಿ ಬರುತ್ತಿದ್ದೆ. ಲಾರಿಗಳನ್ನು ನಂಬುತ್ತಿರಲಿಲ್ಲ, ಬೈಕಿನ ಹುಡುಗರನ್ನಂತೂ ಈಗಲೂ ನಂಬುವುದಿಲ್ಲ. ಆದರೂ ಹೋಗುತ್ತಿದ್ದೆ. ಗಂಡ ಖುಷಿಯಿಂದ, “ಇನ್ನೇನ್ ಮುಗೀತಲ್ಲ, ಆರಾಮಾಗಿದೀಯ” ಎಂದರು. ಮುಗಿದಿರಲಿಲ್ಲ. ಎಡಗಡೆ ಸೀಟಿನಲ್ಲಿ ನನ್ನ ಊಟದ ಡಬ್ಬಿ ಕೂರುತ್ತಿತ್ತು.

ಮಗಳು ಒಂದೇ ಒಂದು ಸಲ ಹತ್ತಿದ್ದಳು, ಕಾಲೇಜಿನವರೆಗೆ. ಆವತ್ತು ನಾನು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅವಳ ಬೆನ್ನು ನೆಟ್ಟಗಿತ್ತು. ಬಲಗೈ ಬೆಲ್ಟನ್ನು ಹಿಡಿದಿತ್ತು. ಅವಳ ಕಡೆ ಇಲ್ಲದ ಬ್ರೇಕನ್ನು ಕಾಲಿನ ಬೆರಳು ಒತ್ತಿತೇ ಎಂದು ಬಗ್ಗಿ ನೋಡುವಷ್ಟರಲ್ಲಿ ಮುಂದಿನ ಆಟೊಗೆ ತಗಲುವುದು ಕೂದಲೆಳೆಯಲ್ಲಿ ತಪ್ಪಿತು. ಮಾರನೆಯ ದಿನದಿಂದ, “ನಾನು ಬಸ್ಸಲ್ಲೇ ಹೋಗ್ತೀನಿ ಬಿಡಮ್ಮ, ಫ್ರೆಂಡ್ಸ್ ಇರ್ತಾರೆ” ಶುರುವಾಯಿತು. ಫ್ರೆಂಡ್ಸ್ ಇರುತ್ತಾರೋ ಇಲ್ಲವೋ ಎಂದು ನಾನು ಬಸ್ ಸ್ಟಾಪಿನ ಹತ್ತಿರ ಹೋಗಿ ನೋಡಿದ್ದೂ ಉಂಟು. ಒಬ್ಬಳೇ ನಿಂತಿದ್ದಳು.

ಔಷಧಿ ಅಂಗಡಿಯ ಮಹಡಿಯಲ್ಲಿ ಕೌನ್ಸೆಲಿಂಗಿನವಳಿಗೆ ಇದನ್ನು ಹೇಳುವಾಗ ನನಗೆ ಅಳು ಬಂತು. ಅಲ್ಲಿ ನಾನು ಅತ್ತದ್ದು ಅದೇ ಮೊದಲು.

“ಯಾಕೆ ಬರಲ್ಲ ಅಂತ ಕೇಳಿದ್ರಾ?” ಎಂದಳು ಅವಳು.

“ಕೇಳೋದೇನಿದೆ? ನನ್ನ ಮೇಲೆ ನಂಬಿಕೆ ಹೋಗಿದೆ. ಹುರುಳಿ ಇತ್ತು ಅನ್ನೋದನ್ನೇ ಅವಳು ನಂಬಿಲ್ಲ.”

“ಅದು ನಿಮ್ಮ ಅನುಮಾನ. ಕೇಳ್ಕೊಂಡ್ ಬನ್ನಿ.”

ಕೇಳಲು ಬಹಳ ದಿನ ಹಿಡಿಯಿತು. ಒಂದು ಸಂಜೆ ಹಿತ್ತಲಲ್ಲಿ ಇಬ್ಬರೂ ಕೂತು ಅವರೆಕಾಯಿ ಸುಲಿಯುವಾಗ, ಅವಳ ಮುಖ ನೋಡದೆ, ಕಾಳುಗಳಿಗೆ ಹೇಳಿದ ಹಾಗೆ ಕೇಳಿದೆ. ನನ್ನ ಕಾರು ಹತ್ತಲು ಭಯವೇ? ನಾನು ಸುಳ್ಳು ಹೇಳಿದೆ ಅಂತಲೇ?

ಅವಳು ಸುಲಿಯುವುದನ್ನು ನಿಲ್ಲಿಸಿದಳು. “ಏನ್ ಸುಳ್ಳು?”

“ಹುರುಳಿ.”

“ಅಯ್ಯೋ, ಹುರುಳಿ ಇತ್ತಲ್ಲಮ್ಮ. ನಂಗೆ ಎಚ್ಚರ ಆಗಿದ್ದೇ ಆ ಸದ್ದಿಗೆ. ಕೆಳಗಡೆ ಚಟಪಟ ಅಂತಿತ್ತು. ಅಪ್ಪಂಗೂ ಹೇಳಿದೀನಿ. ನಿಂಗೆ ಅವ್ರು ಹೇಳಿಲ್ವಾ?”

ಹೇಳಿರಬಹುದು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದ್ದೆನೇ ಎಂದು ನನಗೇ ಖಾತ್ರಿಯಿಲ್ಲ. “ಮತ್ಯಾಕೆ ಹತ್ತಲ್ಲ?” ಎಂದೆ.

ಅವಳು ಮತ್ತೊಂದು ಕಾಯಿ ಕೈಗೆ ತೆಗೆದುಕೊಂಡಳು. “ಬೇಜಾರ್ ಮಾಡ್ಕೊಬೇಡ. ನೀನು ಒಬ್ಳೇ ಚೆನ್ನಾಗ್ ಓಡಿಸ್ತೀಯ, ನಾನ್ ನೋಡಿದೀನಿ. ನಾನು ಪಕ್ಕದಲ್ಲಿದ್ರೆ ನೀನು ರಸ್ತೆ ನೋಡಲ್ಲ, ನನ್ನನ್ನೇ ನೋಡ್ತೀಯ. ನಂಗೆ ಭಯ ಆಗ್ತಿದ್ಯಾ ಅಂತ ನೋಡ್ತೀಯ. ನಂಗೆ ಕಾರಂದ್ರೆ ಭಯ ಇಲ್ಲಮ್ಮ. ನೀನು ಹಂಗ್ ನೋಡೋದಂದ್ರೆ ಭಯ.”

ನಾನು ಎದ್ದು ಸಿಪ್ಪೆ ಬಿಸಾಡುವ ನೆಪದಲ್ಲಿ ಹಿತ್ತಲ ಮೂಲೆಗೆ ಹೋಗಿ ನಿಂತೆ. ಸಿಟ್ಟು ಬಂತು, ದುಃಖವೂ ಬಂತು. ಇಷ್ಟು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ನಾನು ಬೆನ್ನ ಹಿಂದೆ ನಿಂತರೆ ಒಂದೂ ತಪ್ಪು ಮಾಡದ ಮಕ್ಕಳೂ ಯಾಕೆ ಪೆನ್ನು ಬೀಳಿಸುತ್ತಿದ್ದರು ಎಂಬುದು ಅವರೆ ಸಿಪ್ಪೆಯ ಮುಂದೆ ನಿಂತಾಗ ಅರ್ಥವಾಯಿತು. ವಾಪಸ್ ಬಂದು, “ನೋಡಲ್ಲ, ಬಾ” ಎಂದೆ. “ನೋಡೇ ನೋಡ್ತೀಯ” ಎಂದಳು. “ನೋಡಿದ್ರೆ ಅಲ್ಲೇ ಇಳ್ಕೊ” ಎಂದೆ.

ಸಂಕ್ರಾಂತಿ ಮತ್ತೆ ಬಂತು. ಎಳ್ಳು ಬೆಲ್ಲ ಕೊಡಲು ಕುಣಿಗಲ್ಲಿಗೆ ಹೋಗಬೇಕಿತ್ತು. ಹೋಗುವಾಗ ಗಂಡ ಓಡಿಸಿದರು. ವಾಪಸ್ ಬರುವ ದಿನ ಅವರಿಗೆ ಬೆಳಗಿನ ಶಿಫ್ಟ್ ಇದ್ದುದರಿಂದ ಹಿಂದಿನ ಸಂಜೆಯೇ ಬಸ್ ಹತ್ತಿದರು. ಅದೂ ಬೇಕೆಂತಲೇ ಮಾಡಿದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಿಸಿಲು ಏರಿ ಮಂಜು ಆರಲಿ ಎಂದು ಕಾದು ಹೊರಟೆ. ಇದು ಖಾತ್ರಿ ಹುಡುಕುವುದಲ್ಲ, ಬುದ್ಧಿ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳು ಎಡಗಡೆ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ನಾನು ಮುಂದೆ ನೋಡಿದೆ.

ಊರು ದಾಟುವವರೆಗೆ ಮಾತಿಲ್ಲ. ಕತ್ತು ನೋಯುವಷ್ಟು ಬಿಗಿಯಾಗಿ ಮುಂದೆ ನೋಡುತ್ತಿದ್ದೆ. ಅವಳ ಬೆನ್ನು ನೆಟ್ಟಗಿದೆಯೋ, ಕೈ ಎಲ್ಲಿದೆಯೋ, ಒಂದೇ ಒಂದು ಸಲ ನೋಡಿದರೆ ಏನಾದೀತು ಎಂದು ಕಣ್ಣು ಎಡಕ್ಕೆ ಎಳೆಯುತ್ತಲೇ ಇತ್ತು. ಆಮೇಲೆ ಅವಳು ಇದ್ದಕ್ಕಿದ್ದಂತೆ, ಕಾಲೇಜು ಮುಗಿದ ಮೇಲೆ ಟೀಚರ್ ಆಗೋಣ ಅಂತಿದೀನಿ, ಆದರೆ ಗಣಿತ ಮಾತ್ರ ಬೇಡ ಎಂದಳು. ಯಾಕೆ ಬೇಡ ಎಂದೆ. ನಿನ್ನ ಹಾಗೆ ಆಗಿಬಿಟ್ಟರೆ ಎಂದು ನಕ್ಕಳು. ಒಂದು ವರ್ಷ ಬಾಕಿಯಿದ್ದ ಮಾತುಗಳನ್ನೆಲ್ಲ ಹೆಬ್ಬೂರು ಬರುವಷ್ಟರಲ್ಲಿ ಆಡಿದಳು. ನಾನು ಹೂಂ ಎನ್ನುತ್ತ ಹೋದೆ, ಒಳ್ಳೆಯ ‘ಹೂಂ’.

ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಅವಳ ಫೋನು ಮಡಿಲಿನಿಂದ ಜಾರಿ ಕೆಳಗೆ ಬಿದ್ದ ಸದ್ದಾಯಿತು. ಅವಳು ಎತ್ತಿಕೊಳ್ಳಲಿಲ್ಲ. ಆಮೇಲೆ ಉಸಿರು ಸಣ್ಣಗೆ ಎಳೆಯುವ ಸದ್ದು. ಅಪಘಾತವಾದ ಮೇಲೆ ಅವಳು ಯಾವ ಗಾಡಿಯಲ್ಲೂ, ಬಸ್ಸಿನಲ್ಲೂ ಕಣ್ಣು ಮುಚ್ಚಿದ್ದಿಲ್ಲ. ನನ್ನನ್ನು ಸಮಾಧಾನ ಮಾಡಲು ನಾಟಕ ಆಡುತ್ತಿದ್ದಾಳೆಯೇ? ನನ್ನ ಮಗಳು, ಆಡಿದರೂ ಆಡಿಯಾಳು. ಕತ್ತು ಇಷ್ಟೇ ಇಷ್ಟು ತಿರುಗಿಸಿದರೆ ಗೊತ್ತಾಗುತ್ತಿತ್ತು.

ಆಗಲೇ ಮುಂದೆ ರಸ್ತೆಯ ಬಣ್ಣ ಬದಲಾಯಿತು. ಹುರುಳಿ. ಈ ಸಲ ಅರ್ಧವಲ್ಲ, ರಸ್ತೆಯ ಪೂರ್ತಿ ಅಗಲಕ್ಕೆ. ಬದಿಯಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಕೈ ಬೀಸಿದಳು. ಅದೇ ಹೆಂಗಸೋ ಅಲ್ಲವೋ ನಾನು ನೋಡಲಿಲ್ಲ. ಅಂಗೈ ಒದ್ದೆಯಾಯಿತು. ದೂರದಿಂದಲೇ ವೇಗ ಇಳಿಸಿದೆ, ಎದುರಿಗೆ ಯಾರೂ ಇರಲಿಲ್ಲ, ಬ್ರೇಕಿನಿಂದ ಕಾಲು ತೆಗೆದು ಮೇಲೆ ಹತ್ತಿಸಿದೆ. ಕೆಳಗೆ ಒಣಗಿದ ಕಾಯಿಗಳು ಚಟಪಟ ಎನ್ನತೊಡಗಿದವು. ಅವಳು ಹೇಳಿದ್ದ ಅದೇ ಸದ್ದು, ಒಂದು ವರ್ಷದ ಹಿಂದೆ ಅವಳನ್ನು ಎಬ್ಬಿಸಿದ ಸದ್ದು.

ಪಕ್ಕದಲ್ಲಿ ಉಸಿರು ಹಾಗೆಯೇ ಎಳೆಯುತ್ತಿತ್ತು. ನಾನು ಅತ್ತ ತಿರುಗಲಿಲ್ಲ. ರಸ್ತೆ ನೋಡುತ್ತ ತುಮಕೂರಿನವರೆಗೆ ಓಡಿಸಿಕೊಂಡು ಬಂದೆ.